ರಿಗ್ ಕೆಲಸ: ಕೋರ್ಸಿಗೆ ಮುಂಚೆ ಬಾಗಿಲು ಯಾವುದು ಅಂತ ನೋಡಿ

"ರಿಗ್ಗಿಗೆ ಹೋಗಬೇಕು, ಯಾವ ಕೋರ್ಸ್ ಮಾಡಲಿ?" ನನ್ನನ್ನು ಜನ ಕೇಳುವ ಮೊದಲ ಪ್ರಶ್ನೆ ಇದು. ಒಂದು ಕಾಲದಲ್ಲಿ ನಾನೂ ಇದನ್ನೇ ಕೇಳಿದ್ದೆ. ಯಾರೋ ಹೇಳಿದರು ಅಂತ ಸಾಲ ಮಾಡಿ ಬೋಸಿಯೆಟ್ ಮುಗಿಸಿದೆ, ಕಡಲ ನಡುವಿನ ಕಚ್ಚಾ ಎಣ್ಣೆ, ಗ್ಯಾಸಿನ ರಿಗ್ಗಿಗೆ ಹೋಗುವವರ ಸುರಕ್ಷತಾ ಕೋರ್ಸ್ ಅದು. ಅದರ ಆಯುಷ್ಯ 4 ವರ್ಷ. ನನಗೆ ಮೊದಲ ಕೆಲಸ ಸಿಕ್ಕಿದ್ದು ಎರಡೂವರೆ ವರ್ಷ ಕಳೆದ ಮೇಲೆ, ಅದೂ ಮರುಭೂಮಿಯ ನಡುವಿನ ಒಂದು ನೆಲದ ರಿಗ್ಗಿನಲ್ಲಿ. ನೀರಲ್ಲಿ ಮುಳುಗುವ ಹೆಲಿಕಾಪ್ಟರಿನಿಂದ ಪಾರಾಗುವುದನ್ನು ಕಲಿತವನು ಮರಳಿನ ಮೇಲೆ ಪೈಪು ಉಜ್ಜುತ್ತಾ ನಿಂತಿದ್ದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ರಿಗ್ ಕೆಲಸ ಅನ್ನುವುದು ಒಂದು ಕೆಲಸ ಅಲ್ಲ. ಅಲ್ಲಿ ವೆಲ್ಡರ್ ಇದ್ದಾನೆ, ಅಡುಗೆಯವನಿದ್ದಾನೆ, ಭೂವಿಜ್ಞಾನ ಓದಿದವಳಿದ್ದಾಳೆ, ಹಡಗಿನ ಅಧಿಕಾರಿ ಇದ್ದಾನೆ. ಒಬ್ಬೊಬ್ಬರೂ ಒಳಗೆ ಬಂದ ಬಾಗಿಲು ಬೇರೆ, ತೋರಿಸಿದ ಕಾಗದ ಬೇರೆ. ಯಾವ ಬಾಗಿಲು ಅಂತ ಮೊದಲು ಗೊತ್ತಾಗಬೇಕು. ಯಾವ ಕಾಗದ ಅನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಈ ಹೋಲಿಕೆಯನ್ನು ಆ ಕ್ರಮದಲ್ಲೇ ಮಾಡುತ್ತೇನೆ.

ಕೊರೆಯುವ ಜಾಗವೋ, ತೆಗೆಯುವ ಜಾಗವೋ

ಸಮುದ್ರದಲ್ಲಿ ಕಾಣುವ ಎಲ್ಲ ಕಬ್ಬಿಣದ ಅಟ್ಟಣಿಗೆಯನ್ನೂ ಹೊರಗಿನವರು ರಿಗ್ ಅನ್ನುತ್ತಾರೆ. ಒಳಗಿನವರಿಗೆ ಅವು ಎರಡು ಬೇರೆ ಲೋಕ. ರಿಗ್ ಅಂದರೆ ಬಾವಿ ಕೊರೆಯುವ ಯಂತ್ರ. ಕೊರೆದು ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಮುಂದಿನ ಜಾಗಕ್ಕೆ ಹೋಗುತ್ತದೆ. ಪ್ರೊಡಕ್ಷನ್ ಪ್ಲಾಟ್‌ಫಾರ್ಮ್ ಅಂದರೆ ಕೊರೆದ ಬಾವಿಯಿಂದ ಬರುವ ಎಣ್ಣೆ, ಗ್ಯಾಸು, ನೀರು ಮೂರನ್ನೂ ಬೇರೆ ಮಾಡಿ ಮುಂದೆ ಕಳಿಸುವ ಕಾರ್ಖಾನೆ. ಅದು ಒಂದೇ ಕಡೆ ಹತ್ತಾರು ವರ್ಷ ನಿಲ್ಲುತ್ತದೆ. ಕೆಲವು ದೊಡ್ಡ ಪ್ಲಾಟ್‌ಫಾರ್ಮುಗಳ ಮೇಲೆ ಕೊರೆಯುವ ಯಂತ್ರವೂ ಇರುತ್ತದೆ. ಗೊಂದಲ ಶುರುವಾಗುವುದೇ ಅಲ್ಲಿಂದ.

ಇದು ನಿಮಗೆ ಯಾಕೆ ಮುಖ್ಯ? ಕೆಲಸದ ಭದ್ರತೆ ಇಲ್ಲೇ ಬೇರೆಯಾಗುತ್ತದೆ. ಎಣ್ಣೆಯ ಬೆಲೆ ಬಿದ್ದಾಗ ಕಂಪನಿಗಳು ಮೊದಲು ನಿಲ್ಲಿಸುವುದು ಹೊಸ ಬಾವಿ ಕೊರೆಯುವುದನ್ನು. ಹರಿಯುತ್ತಿರುವ ಬಾವಿಯನ್ನು ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ. 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 110 ಡಾಲರ್ ದಾಟಿದ್ದ ಬೆಲೆ 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಇಳಿಯಿತು. ಆಗ ರಿಗ್ಗುಗಳು ಸಾಲಾಗಿ ಬಂದರುಗಳಲ್ಲಿ ಲಂಗರು ಹಾಕಿ ನಿಂತವು. ಅದರ ಮೇಲಿದ್ದವರು ಮನೆಗೆ ಹೋದರು. ಪ್ಲಾಟ್‌ಫಾರ್ಮಿನವರಿಗೂ ಬಿಸಿ ತಟ್ಟಿತು, ಆದರೆ ಅಷ್ಟಲ್ಲ. ಹಾಗಂತ ಪ್ಲಾಟ್‌ಫಾರ್ಮಿಗೆ ಹೊಸಬರು ಸುಲಭವಾಗಿ ಹತ್ತುವುದಿಲ್ಲ. ಅಲ್ಲಿ ಬೇಕಾಗುವುದು ಪ್ರೊಸೆಸ್ ಆಪರೇಟರ್, ಇನ್‌ಸ್ಟ್ರುಮೆಂಟ್ ಟೆಕ್ನಿಶಿಯನ್, ಎಲೆಕ್ಟ್ರಿಷಿಯನ್, ಮೆಕ್ಯಾನಿಕ್ ಥರದವರು. ಕೈಯಲ್ಲಿ ಒಂದು ಕಸುಬು, ಹಿಂದೆ ರಿಫೈನರಿಯಲ್ಲೋ ಕೆಮಿಕಲ್ ಕಾರ್ಖಾನೆಯಲ್ಲೋ ಕೆಲವು ವರ್ಷ ದುಡಿದ ಅನುಭವ ಇರಬೇಕು. ಏನೂ ಗೊತ್ತಿಲ್ಲದವನನ್ನು ತೆಗೆದುಕೊಂಡು ಕಲಿಸುವ ಅಭ್ಯಾಸ ರಿಗ್ಗಿನಲ್ಲೇ ಜಾಸ್ತಿ.

ಅಪಾಯದ ಸ್ವಭಾವವೂ ಬೇರೆ. ರಿಗ್ಗಿನಲ್ಲಿ ಕೈ ಬೆರಳು, ಕಾಲು, ಮೇಲಿಂದ ಬೀಳುವ ವಸ್ತುಗಳ ಭಯ ದಿನನಿತ್ಯದ್ದು. ಪ್ಲಾಟ್‌ಫಾರ್ಮಿನಲ್ಲಿ ಭಯ ಇರುವುದು ಗ್ಯಾಸಿನದ್ದು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮಿನಲ್ಲಿ 167 ಜನ ಸತ್ತರು. ರಿಪೇರಿಗಾಗಿ ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿಟ್ಟಿದ್ದರು. ಆ ವಿಷಯ ರಾತ್ರಿ ಶಿಫ್ಟಿನವರಿಗೆ ತಲುಪಲಿಲ್ಲ. ಅವರು ಪಂಪ್ ಚಾಲೂ ಮಾಡಿದರು. ಇವತ್ತು ಒಂದು ಬೋಲ್ಟ್ ಬಿಚ್ಚುವುದಕ್ಕೂ ವರ್ಕ್ ಪರ್ಮಿಟ್ ಕಾಗದ, ಸಹಿ ಅಂತ ಯಾಕೆ ಅಷ್ಟು ಹಟ ಹಿಡಿಯುತ್ತಾರೆ ಅಂತ ಬೇಸರವಾದರೆ ಇದನ್ನು ನೆನಪಿಸಿಕೊಳ್ಳಿ.

ನೆಲವೋ, ಕಡಲೋ

ಎಲ್ಲರ ಕಣ್ಣೂ ಕಡಲಿನ ಮೇಲೆ. ಹೆಲಿಕಾಪ್ಟರ್, ನೀಲಿ ನೀರು, ದೊಡ್ಡ ಸಂಬಳ. ನನ್ನನ್ನು ಕೇಳಿದರೆ ಹೊಸಬರು ನೆಲದ ರಿಗ್ಗನ್ನು ಕಡೆಗಣಿಸಬಾರದು. ಜಗತ್ತಿನಲ್ಲಿ ನೆಲದ ಮೇಲಿನ ರಿಗ್ಗುಗಳ ಸಂಖ್ಯೆ ಕಡಲಿನ ರಿಗ್ಗುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಒಳಗೆ ಹೋಗಲು ಬೇಕಾದ ಕಾಗದ ಕಡಿಮೆ. ಹೆಲಿಕಾಪ್ಟರ್ ತರಬೇತಿ ಬೇಡ, ಕಡಲ ಬದುಕುಳಿಯುವ ಕೋರ್ಸ್ ಬೇಡ. ವೈದ್ಯಕೀಯ ತಪಾಸಣೆ, ವಿಷಾನಿಲದ ತರಬೇತಿ, ಒಂದು ಪ್ರಥಮ ಚಿಕಿತ್ಸೆ, ಕಂಪನಿಯ ಸುರಕ್ಷತಾ ಪಾಠ ಇಷ್ಟರಲ್ಲೇ ಎಷ್ಟೋ ಕಡೆ ಆಗಿಹೋಗುತ್ತದೆ. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಒಳ್ಳೆಯದು.

ಕೆಲಸ ಮಾತ್ರ ಹಗುರ ಅಲ್ಲ. ನೆಲದ ರಿಗ್ ಬಾವಿಯಿಂದ ಬಾವಿಗೆ ಹೋಗುವಾಗ ಇಡೀ ಯಂತ್ರವನ್ನು ಬಿಚ್ಚಿ ಲಾರಿಗೆ ಹೇರಿ, ಹೊಸ ಜಾಗದಲ್ಲಿ ಮತ್ತೆ ಜೋಡಿಸಬೇಕು. ರಿಗ್ ಮೂವ್ ಅನ್ನುತ್ತಾರೆ. ಆ ದಿನಗಳಲ್ಲಿ ಬಿಸಿಲು, ಧೂಳು, ಸರಪಳಿ, ಕ್ರೇನು ಬಿಟ್ಟರೆ ಬೇರೇನೂ ನೆನಪಿರುವುದಿಲ್ಲ. ನಾನು ಮೈ ಹಣ್ಣಾಗುವಷ್ಟು ದುಡಿದದ್ದು ಅಲ್ಲೇ, ಕಲಿತದ್ದೂ ಅಲ್ಲೇ. ಯಾವ ತುಂಡು ಎಲ್ಲಿ ಕೂರುತ್ತದೆ, ಯಾವ ಪಿನ್ ಯಾವ ಭಾರ ಹೊರುತ್ತದೆ ಅಂತ ಕೈಗೆ ಗೊತ್ತಾಗುವುದು ಬಿಚ್ಚಿ ಜೋಡಿಸಿದಾಗಲೇ ಅಲ್ವಾ?

ಕಡಲಲ್ಲಿ ಸಂಬಳ ಸಾಮಾನ್ಯವಾಗಿ ಜಾಸ್ತಿ. ಊಟ, ಹಾಸಿಗೆ, ಬಟ್ಟೆ ಒಗೆಯುವುದು ಎಲ್ಲ ಕಂಪನಿಯದ್ದೇ. ಆದರೆ ಬೇಕೆಂದಾಗ ಹೊರಗೆ ಕಾಲಿಡಲು ಆಗುವುದಿಲ್ಲ. ಮದ್ಯ ನಿಷಿದ್ಧ. ಮಲಗುವ ಕೋಣೆಗಳ ಭಾಗ ಬಿಟ್ಟು ಹೊರಗೆ ಮೊಬೈಲ್ ತೆಗೆಯುವಂತಿಲ್ಲ, ಕಿಡಿ ಹಾರುವ ಭಯ. ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಮುಂದಿನ ಹೆಲಿಕಾಪ್ಟರಿನ ತನಕ, ಮಂಜು ಮುಸುಕಿದ್ದರೆ ಅದು ತಿಳಿಯಾಗುವ ತನಕ ಕಾಯಬೇಕು. ಇದು ಸಣ್ಣ ಮಾತಲ್ಲ. ಒಳ್ಳೆಯ ಕೆಲಸಗಾರರು ಬಿಟ್ಟು ಹೋದದ್ದನ್ನು ನಾನು ನೋಡಿರುವುದು ದುಡಿಮೆಯ ಭಾರಕ್ಕಲ್ಲ, ಈ ಕಾಯುವಿಕೆಗೆ.

ಎರಡು ಕಡೆಯೂ ಶಿಫ್ಟ್ 12 ಗಂಟೆ. ವಾರದ ರಜೆ ಇಲ್ಲ, ಹಾಗಾಗಿ ವಾರಕ್ಕೆ 84 ಗಂಟೆ. ಬದಲಿಗೆ ಇಡೀ ವಾರಗಳ ರಜೆ ಒಟ್ಟಿಗೆ ಸಿಗುತ್ತದೆ. ಎರಡು ವಾರ ಕೆಲಸ ಎರಡು ವಾರ ಮನೆ, ಅಥವಾ 28 ದಿನ ಕೆಲಸ 28 ದಿನ ಮನೆ ಅನ್ನುವುದು ಸಾಮಾನ್ಯ. ನಾರ್ವೆಯ ಕಡಲಿನಲ್ಲಿ ಎರಡು ವಾರ ದುಡಿದರೆ ನಾಲ್ಕು ವಾರ ಮನೆ. ಅದನ್ನು ಕೇಳಿ ಹೊಟ್ಟೆ ಉರಿದುಕೊಳ್ಳದ ರಿಗ್ ಕೆಲಸಗಾರನೇ ಇಲ್ಲ.

ಕಡಲಲ್ಲಿ ಯಾವ ಥರದ ರಿಗ್

ಇದನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಹೊಸಬರಿಗೆ ಆಯ್ಕೆ ಮಾಡುವ ಅವಕಾಶ ಕಡಿಮೆ. ಸಿಕ್ಕಿದ್ದಕ್ಕೆ ಹೋಗುತ್ತೀರಿ. ಜ್ಯಾಕ್‌ಅಪ್ ಅಂದರೆ ಉದ್ದ ಕಾಲುಗಳನ್ನು ಸಮುದ್ರದ ತಳಕ್ಕೆ ಊರಿ, ಮೈಯನ್ನು ನೀರಿನಿಂದ ಮೇಲಕ್ಕೆತ್ತಿ ನಿಲ್ಲುವ ರಿಗ್. ಸುಮಾರು 120 ಮೀಟರ್ ಆಳದವರೆಗಿನ ನೀರಿಗೆ ಹೆಚ್ಚಾಗಿ ಇದೇ. ನಿಂತ ಮೇಲೆ ಅಲ್ಲಾಡುವುದಿಲ್ಲ, ಹೊಟ್ಟೆ ತೊಳೆಸುವವರಿಗೆ ನೆಮ್ಮದಿ. ಸೆಮಿ ಅಂದರೆ ನೀರಲ್ಲಿ ಅರ್ಧ ಮುಳುಗಿ ತೇಲುವುದು. ಡ್ರಿಲ್‌ಶಿಪ್ ಅಂದರೆ ಹೆಸರೇ ಹೇಳುವಂತೆ ಕೊರೆಯುವ ಹಡಗು. ಲಂಗರಿಲ್ಲದೆ ಪ್ರೊಪೆಲರುಗಳ ಬಲದಿಂದಲೇ ಒಂದೇ ಕಡೆ ನಿಲ್ಲುತ್ತದೆ. 3,600 ಮೀಟರ್ ಆಳದ ನೀರಿಗೂ ಸಜ್ಜಾದವು ಇವೆ.

ವ್ಯತ್ಯಾಸ ಎಲ್ಲಿ ಬರುತ್ತದೆ ಅಂದರೆ, ತೇಲುವ ರಿಗ್ಗಿನಲ್ಲಿ ಹಡಗಿನ ನಿಯಮಗಳೂ ಸೇರಿಕೊಳ್ಳುತ್ತವೆ. ಕ್ಯಾಪ್ಟನ್, ರಿಗ್ಗನ್ನು ಪ್ರೊಪೆಲರಿನಿಂದ ಒಂದೇ ಕಡೆ ನಿಲ್ಲಿಸುವ ಡಿಪಿ ಆಪರೇಟರ್, ಎಂಜಿನ್ ರೂಮಿನವರು ಎಲ್ಲ ನಾವಿಕರ ಸರ್ಟಿಫಿಕೇಟ್ ಇದ್ದವರು. ಮರ್ಚೆಂಟ್ ನೇವಿ ಹಿನ್ನೆಲೆ ಇದ್ದರೆ ಜ್ಯಾಕ್‌ಅಪ್ ಹಿಂದೆ ಅಲೆಯದೆ ನೇರ ಇಲ್ಲಿಗೆ ನೋಡಿ.

ಬಾಗಿಲುಗಳು

ಒಂದು ಉದಾಹರಣೆ ಕೊಡುತ್ತೇನೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ರಿಗ್ ಸ್ಫೋಟವಾಯಿತು. ಜಗತ್ತಿನ ಬಾಯಲ್ಲಿದ್ದ ಹೆಸರು ಬಾವಿಯ ಯಜಮಾನ ಬಿಪಿ ಎಣ್ಣೆ ಕಂಪನಿಯದ್ದು. ಆದರೆ ಆ ರಾತ್ರಿ ರಿಗ್ಗಿನಲ್ಲಿದ್ದ 126 ಜನರಲ್ಲಿ ಬಿಪಿಯವರು 7 ಜನ. ರಿಗ್ಗಿನ ಮಾಲೀಕ ಟ್ರಾನ್ಸ್‌ಓಷನ್ ಕಂಪನಿಯವರು 79. ಉಳಿದವರು ಸಿಮೆಂಟು, ಮಡ್ಡು (ಕೊರೆಯುವಾಗ ಬಾವಿಗೆ ಬಿಡುವ ದ್ರವ), ಅಡುಗೆ ಅಂತ ಬೇರೆ ಬೇರೆ ಕಂಪನಿಗಳವರು. ಸತ್ತ 11 ಜನರಲ್ಲಿ ಬಿಪಿಯವರು ಒಬ್ಬರೂ ಇಲ್ಲ.

ಕೆಲಸ ಹುಡುಕುವವರು ಈ ಲೆಕ್ಕವನ್ನು ಚೆನ್ನಾಗಿ ನೋಡಬೇಕು. ಪೆಟ್ರೋಲ್ ಬಂಕಿನ ಮೇಲೆ ಕಾಣುವ ಹೆಸರುಗಳಿಗೆ ಅರ್ಜಿ ಹಾಕಿ ಹಾಕಿ ಸುಸ್ತಾಗುತ್ತಾರೆ. ಆ ಕಂಪನಿಯವರು ಆಪರೇಟರ್, ಅಂದರೆ ಬಾವಿಯ ಯಜಮಾನರು. ರಿಗ್ ಬಾಡಿಗೆಗೆ ತರುತ್ತಾರೆ, ಕೆಲಸವನ್ನು ಗುತ್ತಿಗೆಗೆ ಕೊಡುತ್ತಾರೆ. ರಿಗ್ಗಿನಲ್ಲಿ ಅವರ ಕಡೆಯಿಂದ ಇರುವುದು ಕಂಪನಿ ಮ್ಯಾನ್ ಅನ್ನುವ ಮೇಲ್ವಿಚಾರಕ, ಜೊತೆಗೆ ಬೆರಳೆಣಿಕೆಯ ಕೆಲವರು. ಕೈ ಕೆಲಸದ ಉದ್ಯೋಗ ಇರುವುದು ಡ್ರಿಲ್ಲಿಂಗ್ ಕಾಂಟ್ರ್ಯಾಕ್ಟರ್ ಹತ್ತಿರ: ಟ್ರಾನ್ಸ್‌ಓಷನ್, ವಲಾರಿಸ್, ನೋಬಲ್, ನೆಲದ ಮೇಲಾದರೆ ನೇಬರ್ಸ್ ಥರದವರು. ಓದಿದವರ ಉದ್ಯೋಗ ಹೆಚ್ಚಿರುವುದು ಸಿಮೆಂಟು, ಮಡ್ಡಿನಂಥ ಪರಿಣತ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿಗಳಲ್ಲಿ: ಎಸ್‌ಎಲ್‌ಬಿ, ಹ್ಯಾಲಿಬರ್ಟನ್, ಬೇಕರ್ ಹ್ಯೂಸ್. ಊಟ, ವಸತಿಯ ಕೆಲಸ ಕೇಟರಿಂಗ್ ಗುತ್ತಿಗೆದಾರರದ್ದು.

ಈಗ ಒಂದೊಂದೇ ಬಾಗಿಲು.

ಡ್ರಿಲ್ ಕ್ರ್ಯೂ ಅನ್ನುವುದು ಡಿಗ್ರಿ ಕೇಳದ, ಮೈಬಲ ಕೇಳುವ ಬಾಗಿಲು. ಕೆಳಗಿನ ಮೆಟ್ಟಿಲು ರೌಸ್ಟಬೌಟ್. ಡೆಕ್ ತೊಳೆಯುವುದು, ಬಣ್ಣ ಬಳಿಯುವುದು, ಕ್ರೇನಿಗೆ ಸರಕು ಕಟ್ಟುವುದು ಬಿಚ್ಚುವುದು, ಮೂಟೆ ಹೊರುವುದು. ಅದರ ಮೇಲೆ ರಫ್‌ನೆಕ್, ಈಗ ಹೆಚ್ಚಾಗಿ ಫ್ಲೋರ್‌ಹ್ಯಾಂಡ್ ಅನ್ನುತ್ತಾರೆ. ಡ್ರಿಲ್ ಪೈಪಿನ ಒಂದು ತುಂಡು ಸುಮಾರು 9.5 ಮೀಟರ್ ಉದ್ದ, ಐದು ಇಂಚಿನದಾದರೆ ತೂಕ ಹತ್ತಿರ ಹತ್ತಿರ 300 ಕೆಜಿ. ಅವನ್ನು ಒಂದಕ್ಕೊಂದು ತಿರುಪಿ ಬಾವಿಗೆ ಇಳಿಸುವುದು, ಬಿಚ್ಚಿ ಮೇಲೆ ತೆಗೆಯುವುದು ಇವರ ಕೆಲಸ. ಹೊಸ ರಿಗ್ಗಿನಲ್ಲಿ ಐರನ್ ರಫ್‌ನೆಕ್ ಅನ್ನುವ ಯಂತ್ರ ತಿರುಪುತ್ತದೆ. ಹಳೆಯ ನೆಲದ ರಿಗ್ಗಿನಲ್ಲಿ ಟಾಂಗ್ ಅನ್ನುವ ದೊಡ್ಡ ಇಕ್ಕಳ ಹಿಡಿದು ಮನುಷ್ಯನೇ ಎಳೆಯಬೇಕು. ಅದರ ಮೇಲಿನ ಮೆಟ್ಟಿಲು ಡೆರಿಕ್‌ಮನ್. ಪೈಪು ಹೊರತೆಗೆಯುವಾಗ ರಿಗ್ಗಿನ ಗೋಪುರದ ಮೇಲೆ, ಮಂಕಿ ಬೋರ್ಡ್ ಅನ್ನುವ ಅಟ್ಟದಲ್ಲಿ ಬೆಲ್ಟ್ ಕಟ್ಟಿ ನಿಂತು ಪೈಪುಗಳನ್ನು ಸಾಲಾಗಿ ನಿಲ್ಲಿಸುತ್ತಾನೆ. ಉಳಿದ ಹೊತ್ತು ಕೆಳಗೆ ಮಡ್ ಪಂಪು, ಕಲ್ಲಿನ ಚೂರು ಸೋಸುವ ಶೇಕರು, ಮಡ್ ಟ್ಯಾಂಕಿನ ಜೊತೆ. ಆಮೇಲೆ ಅಸಿಸ್ಟೆಂಟ್ ಡ್ರಿಲ್ಲರ್, ಡ್ರಿಲ್ಲರ್, ಕೊನೆಗೆ ಇಡೀ ಡ್ರಿಲ್ ಕ್ರ್ಯೂವಿನ ಮೇಲ್ವಿಚಾರಕ ಟೂಲ್‌ಪುಷರ್.

ಮಡ್ ಅಂದರೆ ಸುಮ್ನೆ ಕೆಸರಲ್ಲ. ಬೆಂಟೊನೈಟ್ ಜೇಡಿ, ತೂಕಕ್ಕೆ ಬರೈಟ್, ಇನ್ನೂ ಹಲವು ರಾಸಾಯನಿಕ ಸೇರಿಸಿ ಹದ ಮಾಡಿದ ದ್ರವ. ಪೈಪಿನೊಳಗಿಂದ ಕೆಳಗಿಳಿದು, ಕೊರೆದ ಕಲ್ಲಿನ ಚೂರನ್ನು ಹೊತ್ತು ಮೇಲೆ ಬರುತ್ತದೆ. ತನ್ನ ಭಾರದಿಂದಲೇ ಬಾವಿಯೊಳಗಿನ ಗ್ಯಾಸನ್ನು ಒತ್ತಿ ಹಿಡಿಯುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುವ ಗಾದೆ ಡೆರಿಕ್‌ಮನ್‌ಗಾಗಿಯೇ ಕಟ್ಟಿದ್ದಾರೆ ಅಂತ ನಮ್ಮಲ್ಲಿ ತಮಾಷೆ ಇತ್ತು.

ಈ ಮೆಟ್ಟಿಲು ಹತ್ತಲು ಎಷ್ಟು ವರ್ಷ? ಅದು ನಿಮ್ಮ ಕೈಯಲ್ಲಿ ಅರ್ಧ, ಎಣ್ಣೆಯ ಬೆಲೆಯ ಕೈಯಲ್ಲಿ ಅರ್ಧ. ಮೇಲಿನವನು ಬಡ್ತಿ ಪಡೆದು ಜಾಗ ಖಾಲಿ ಮಾಡಿದರೆ ನೀವು ಮೇಲೆ ಹೋಗುತ್ತೀರಿ. ಆದರೆ ಟೂಲ್‌ಪುಷರ್ ಆದವರಲ್ಲಿ ಕೆಳಗಿನ ಮೆಟ್ಟಿಲಿನಿಂದ ಬಂದವರು ಎಷ್ಟೋ ಜನ. ಬೇರೆ ಎಷ್ಟು ಉದ್ಯಮಗಳಲ್ಲಿ ಇದು ಸಾಧ್ಯ?

ಕೈಯಲ್ಲಿ ಕಸುಬು ಇದ್ದವರ ಬಾಗಿಲು ಬೇರೆ. ಎಲೆಕ್ಟ್ರಿಷಿಯನ್, ಮೆಕ್ಯಾನಿಕ್, ವೆಲ್ಡರ್, ಹೈಡ್ರಾಲಿಕ್ಸ್ ಗೊತ್ತಿದ್ದವರು ರೌಸ್ಟಬೌಟಿನ ಮೆಟ್ಟಿಲು ಹತ್ತಬೇಕಾಗಿಲ್ಲ. ದಡದಲ್ಲಿ ಮಾನ್ಯತೆ ಇರುವ ಟ್ರೇಡ್ ಸರ್ಟಿಫಿಕೇಟ್, ಡೀಸೆಲ್ ಎಂಜಿನ್ ಅಥವಾ ಭಾರೀ ಯಂತ್ರಗಳ ಮೇಲೆ ಕೆಲವು ವರ್ಷದ ಅನುಭವ ಸಾಕು. ನನ್ನ ಲೆಕ್ಕದಲ್ಲಿ ಸುಮ್ಮನೆ ನುಗ್ಗುವುದಕ್ಕಿಂತ ಎರಡು ಮೂರು ವರ್ಷ ದಡದಲ್ಲಿ ಕಸುಬು ಕಲಿತು ಬರುವುದು ಲಾಭ. ರಿಗ್ ನಿಂತಾಗ ರೌಸ್ಟಬೌಟಿಗೆ ದಡದಲ್ಲಿ ಅದೇ ಸಂಬಳದ ಕೆಲಸ ಸಿಗುವುದಿಲ್ಲ. ಎಲೆಕ್ಟ್ರಿಷಿಯನ್‌ಗೆ ಸಿಗುತ್ತದೆ.

ಪ್ಲಾಟ್‌ಫಾರ್ಮುಗಳಲ್ಲಿ ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವವರು, ವೆಲ್ಡಿಂಗ್ ಪರೀಕ್ಷಿಸುವವರು ಇನ್ನೊಂದು ಗುಂಪು. ಅವರಿಗೆ ಇರಾಟಾ ಅನ್ನುವ, ಹಗ್ಗದ ಮೇಲೆ ಕೆಲಸ ಮಾಡುವ ತರಬೇತಿ ಬೇಕು. ಮೊದಲ ಹಂತಕ್ಕೆ ಕನಿಷ್ಠ 4 ದಿನ ತರಬೇತಿ, ಮತ್ತೊಂದು ದಿನ ಪರೀಕ್ಷೆ. 3 ವರ್ಷ ಮಾನ್ಯ. ಎರಡನೇ ಹಂತಕ್ಕೆ ಹೋಗಲು ಒಂದು ವರ್ಷ ಮತ್ತು ಹಗ್ಗದ ಮೇಲೆ 1,000 ಗಂಟೆ ಆಗಿರಬೇಕು. ಆದರೆ ಬರೀ ಹಗ್ಗ ಹತ್ತಲು ಬಂದರೆ ಸಾಲದು. ಹಗ್ಗ ದಾರಿ ಅಷ್ಟೇ, ಅಲ್ಲಿಗೆ ಹೋಗಿ ಮಾಡುವುದಕ್ಕೆ ಒಂದು ಕಸುಬು ಬೇಕು. ಇದನ್ನು ಮರೆತು ದುಡ್ಡು ಕಟ್ಟಿದವರು ಬಹಳ.

ಡಿಗ್ರಿ ಇದ್ದವರಿಗೆ ಸರ್ವಿಸ್ ಕಂಪನಿ. ಭೂವಿಜ್ಞಾನ ಓದಿದವರು ಮಡ್ ಲಾಗರ್ ಆಗಿ ಸೇರಬಹುದು: ಮೇಲೆ ಬಂದ ಕಲ್ಲಿನ ಚೂರು, ಗ್ಯಾಸಿನ ಪ್ರಮಾಣ ನೋಡಿ ಕೆಳಗೆ ಏನಿದೆ ಅಂತ ಹೇಳುವ ಕೆಲಸ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್, ಪೆಟ್ರೋಲಿಯಂ ಎಂಜಿನಿಯರುಗಳಿಗೆ ತಂತಿಯಲ್ಲಿ ಉಪಕರಣ ಇಳಿಸಿ ಬಾವಿಯನ್ನು ಅಳೆಯುವ ವೈರ್‌ಲೈನ್, ಸಿಮೆಂಟಿಂಗ್, ಮಡ್ ಎಂಜಿನಿಯರಿಂಗ್, ಬಾವಿಯನ್ನು ಓರೆಯಾಗಿ ತಿರುಗಿಸುವ ಡೈರೆಕ್ಷನಲ್ ಡ್ರಿಲ್ಲಿಂಗ್. ಪೆಟ್ರೋಲಿಯಂ ಎಂಜಿನಿಯರಿಂಗೇ ಓದಿರಬೇಕು ಅನ್ನುವುದು ತಪ್ಪು ತಿಳಿವಳಿಕೆ. ಇವರಿಗೆ ತರಬೇತಿ, ಸುರಕ್ಷತಾ ಕೋರ್ಸು ಎಲ್ಲ ಕಂಪನಿಯೇ ಮಾಡಿಸುತ್ತದೆ. ಒಂದು ತೊಂದರೆ ಇದೆ. ಡ್ರಿಲ್ ಕ್ರ್ಯೂಗೆ ಇಂತಿಷ್ಟು ದಿನ ಅಂತ ಗೊತ್ತಿರುತ್ತದೆ. ಸರ್ವಿಸ್ ಕಂಪನಿಯವರನ್ನು ಎಷ್ಟೋ ಸಲ ಕೆಲಸ ಬಂದಾಗ ಕರೆಯುತ್ತಾರೆ, ಮುಗಿದಾಗ ಕಳಿಸುತ್ತಾರೆ. ಮದುವೆ ಮನೆಗೆ ಹೊರಟವರಿಗೆ ಫೋನ್ ಬಂದದ್ದೂ ಇದೆ.

ಅಡುಗೆಮನೆ, ವಸತಿಯ ಕೆಲಸದ ಬಗ್ಗೆ ಜನ ಮೂಗು ಮುರಿಯುತ್ತಾರೆ. ನಾನು ಹಾಗನ್ನುವುದಿಲ್ಲ. ನೂರು, ನೂರೈವತ್ತು ಜನ 12 ಗಂಟೆ ದುಡಿದು ಬಂದಾಗ ಅವರ ಮುಖ ಅರಳುವುದು ಊಟದ ಮೇಜಿನ ಹತ್ತಿರ ಮಾತ್ರ. ಹೋಟೆಲ್ ಅಡುಗೆಯ ಅನುಭವ, ಆಹಾರ ಸ್ವಚ್ಛತೆಯ ಸರ್ಟಿಫಿಕೇಟ್ ಇದ್ದವರು ಇಲ್ಲಿಂದ ಒಳಗೆ ಬರಬಹುದು. ಸಂಬಳ ಡ್ರಿಲ್ ಕ್ರ್ಯೂಗಿಂತ ಕಡಿಮೆ, ಅದನ್ನು ಮುಚ್ಚಿಡುವುದು ಬೇಡ. ಹಾಗೆ ಬಂದು, ರಿಗ್ಗಿನವರ ಕಣ್ಣಿಗೆ ಬಿದ್ದು, ಜಾಗ ಖಾಲಿಯಾದಾಗ ರೌಸ್ಟಬೌಟ್ ಆದವರೂ ಇದ್ದಾರೆ. ನರ್ಸಿಂಗ್ ಅಥವಾ ಪ್ಯಾರಾಮೆಡಿಕ್ ಓದಿ ತುರ್ತು ಚಿಕಿತ್ಸೆಯಲ್ಲಿ ಪಳಗಿದವರಿಗೆ ಮೆಡಿಕ್ ಕೆಲಸ ಇದೆ. ರಿಗ್ಗಿಗೆ ಒಬ್ಬರೇ ಇರುವುದರಿಂದ ಜವಾಬ್ದಾರಿ ದೊಡ್ಡದು, ಹೊಸಬರಿಗೆ ಅಲ್ಲ.

ಕಾಗದಗಳು: ಯಾವುದು ಯಾರಿಗೆ

ಬೋಸಿಯೆಟ್ 3 ದಿನದ ಕೋರ್ಸ್. ಒಪಿಟೋ ಸಂಸ್ಥೆಯ ಮಾನದಂಡ. ಹೆಲಿಕಾಪ್ಟರಿನಿಂದ ಪಾರಾಗುವುದು, ಕಡಲಲ್ಲಿ ಬದುಕುಳಿಯುವುದು, ಬೆಂಕಿ ಆರಿಸುವುದು, ಪ್ರಥಮ ಚಿಕಿತ್ಸೆ ಇದರಲ್ಲಿವೆ. 4 ವರ್ಷ ಮುಗಿಯುವ ಮುಂಚೆ ಫೊಯೆಟ್ ಅನ್ನುವ 1 ದಿನದ ಕೋರ್ಸ್ ಮಾಡಿದರೆ ಮುಂದುವರಿಯುತ್ತದೆ. ಅವಧಿ ಮುಗಿಯಲು ಬಿಟ್ಟರೆ ಮತ್ತೆ 3 ದಿನ, ಮತ್ತೆ ಪೂರ್ತಿ ಹಣ. ಟಿ-ಬೋಸಿಯೆಟ್ ಅನ್ನುವುದು ಬೆಚ್ಚಗಿನ ಕಡಲುಗಳಿಗೆ, ಅಲ್ಲಿ ಚಳಿ ತಡೆಯುವ ಸರ್ವೈವಲ್ ಸೂಟ್ ಬೇಕಾಗಿಲ್ಲ. ಬೋಸಿಯೆಟ್ ಇದ್ದವರು ಬೆಚ್ಚಗಿನ ಕಡಲಿಗೂ ಹೋಗಬಹುದು. ಟಿ ಮಾತ್ರ ಇದ್ದವರು ಉತ್ತರ ಸಮುದ್ರಕ್ಕೆ ಹೋಗಲಾರರು. ಬ್ರಿಟನ್ನಿನ ಭಾಗಕ್ಕೆ ಹೋಗುವವರಿಗೆ ಉಸಿರಾಟದ ಗಾಳಿ ಡಬ್ಬಿ ಬಳಸುವ ತರಬೇತಿ ಸೇರಿದ ಬೋಸಿಯೆಟ್, ಅದರ ಜೊತೆ ಮಿಸ್ಟ್ ಅನ್ನುವ ಸುರಕ್ಷತಾ ಕೋರ್ಸೂ ಬೇಕು. ನಾರ್ವೆಗೆ ಅದರದ್ದೇ ಆದ ಕೋರ್ಸ್ ಇದೆ. ಅಂದರೆ ಯಾವ ಕಡಲು ಅಂತ ಗೊತ್ತಿಲ್ಲದೆ ಕೋರ್ಸ್ ಕೊಂಡರೆ ತಪ್ಪಾದದ್ದನ್ನು ಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ.

ಎಲ್ಲರೂ ಹೆದರುವುದು ಹೆಲಿಕಾಪ್ಟರ್ ಪಾಠಕ್ಕೆ. ಈಜುಕೊಳದಲ್ಲಿ ಹೆಲಿಕಾಪ್ಟರ್ ಆಕಾರದ ಪೆಟ್ಟಿಗೆಯಲ್ಲಿ ಬೆಲ್ಟ್ ಕಟ್ಟಿ ಕೂರಿಸಿ ಮುಳುಗಿಸಿ, ತಲೆಕೆಳಗು ಮಾಡುತ್ತಾರೆ. ಮೂಗಿಗೆ ನೀರು ನುಗ್ಗುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗುವುದಿಲ್ಲ. ಉಪಾಯ ಒಂದೇ: ಒಂದು ಕೈ ಕಿಟಕಿಯ ಅಂಚಿನಲ್ಲಿ ಇಟ್ಟುಕೊಳ್ಳಿ, ತಿರುಗುವುದು ನಿಲ್ಲುವ ತನಕ ಬೆಲ್ಟ್ ಬಿಚ್ಚಬೇಡಿ. ಗಾಬರಿಯಿಂದ ಮೊದಲೇ ಬಿಚ್ಚಿದವರು ತೇಲಿ ದಿಕ್ಕು ತಪ್ಪುತ್ತಾರೆ. ಪಕ್ಕದಲ್ಲೇ ಡೈವರ್ ಇರುತ್ತಾರೆ. ಈಜು ಬಾರದವರೂ ಮುಗಿಸುತ್ತಾರೆ.

ತೇಲುವ ರಿಗ್ಗಿನ ನಾವಿಕರಿಗೆ ಬೇಕಾಗುವುದು ಎಸ್‌ಟಿಸಿಡಬ್ಲ್ಯು (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ನಿಯಮ) ಪ್ರಕಾರದ ಮೂಲ ಸುರಕ್ಷತಾ ತರಬೇತಿ, 5 ವರ್ಷ ಮಾನ್ಯ. ಇದು ಇದ್ದರೆ ಬೋಸಿಯೆಟ್ ಬೇಡ ಅಂತ ತಿಳಿಯಬೇಡಿ, ಅದರಲ್ಲಿ ಹೆಲಿಕಾಪ್ಟರ್ ಪಾಠ ಇಲ್ಲ.

ವೆಲ್ ಕಂಟ್ರೋಲ್ ಸರ್ಟಿಫಿಕೇಟ್ ಬಾವಿಯ ಒತ್ತಡವನ್ನು ಹಿಡಿತದಲ್ಲಿಡುವ ವಿದ್ಯೆ. ಐಡಬ್ಲ್ಯುಸಿಎಫ್ ಸಂಸ್ಥೆಯದ್ದು ಅಥವಾ ಐಎಡಿಸಿ ಸಂಸ್ಥೆಯ ವೆಲ್‌ಶಾರ್ಪ್, ಎರಡರಲ್ಲಿ ಯಾವುದು ಅನ್ನುವುದನ್ನು ಕಂಪನಿ ಹೇಳುತ್ತದೆ. ಎರಡೂ 2 ವರ್ಷಕ್ಕೊಮ್ಮೆ ನವೀಕರಣ. ಐಡಬ್ಲ್ಯುಸಿಎಫ್‌ನಲ್ಲಿ 3ನೇ ಹಂತ ಡ್ರಿಲ್ಲರಿಗೆ, 4ನೇದು ಮೇಲ್ವಿಚಾರಕರಿಗೆ. ಡೀಪ್‌ವಾಟರ್ ಹೊರೈಜನ್ನಿನಲ್ಲಿ ಎಡವಿದ್ದು ಈ ವಿದ್ಯೆಯಲ್ಲೇ. ಬಾವಿ ಭದ್ರವಾಗಿದೆಯಾ ಅಂತ ನೋಡುವ ಒತ್ತಡದ ಪರೀಕ್ಷೆಯ ಫಲಿತಾಂಶವನ್ನು ತಪ್ಪಾಗಿ ಓದಿದರು. ಹೊಸಬರಿಗೆ ಇದನ್ನು ಮಾರುವ ತರಬೇತಿ ಕೇಂದ್ರಗಳಿವೆ. ಕೊಳ್ಳಬೇಡಿ. ರೌಸ್ಟಬೌಟ್ ಆಗುವವನನ್ನು ಯಾರೂ ಇದು ಕೇಳುವುದಿಲ್ಲ. ಡ್ರಿಲ್ಲರ್ ಆಗುವ ಹೊತ್ತಿಗೆ ಕಂಪನಿಯೇ ಕಳಿಸುತ್ತದೆ.

ಹೈಡ್ರೋಜನ್ ಸಲ್ಫೈಡ್ ಕೋರ್ಸ್ ಸಣ್ಣದು, ಆದರೆ ಮನಸ್ಸಿಟ್ಟು ಕೇಳಿ. ಕೊಳೆತ ಮೊಟ್ಟೆಯ ವಾಸನೆಯ ಗ್ಯಾಸ್ ಅದು. ಹತ್ತು ಲಕ್ಷದಲ್ಲಿ 100 ಪಾಲು ಆಗುವಷ್ಟರಲ್ಲಿ ಮೂಗಿನ ವಾಸನೆಯ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ಹೋಯಿತು, ಅಪಾಯ ಹೋಯಿತು ಅಂದುಕೊಂಡವನು ಉಳಿಯುವುದಿಲ್ಲ. ಈ ಗ್ಯಾಸ್ ಇರುವ ಬಾವಿಗಳಲ್ಲಿ ಗಡ್ಡಕ್ಕೂ ಅನುಮತಿ ಇಲ್ಲ, ಯಾಕೆಂದರೆ ಮಾಸ್ಕ್ ಮುಖಕ್ಕೆ ಅಂಟಿ ಕೂರುವುದಿಲ್ಲ.

ಮೈ ಒಪ್ಪುತ್ತದಾ

ಕೋರ್ಸಿಗೆ ಮುಂಚೆ ವೈದ್ಯಕೀಯ ತಪಾಸಣೆ ಮಾಡಿಸಿ. ಇದೊಂದು ಮಾತನ್ನು ಎಷ್ಟು ಜನಕ್ಕೆ ಹೇಳಿದರೂ ಕೇಳುವವರು ಕಡಿಮೆ. ಕೋರ್ಸ್ ಮುಗಿಸಿ, ಕೆಲಸ ಸಿಕ್ಕಿ, ಕೊನೆಗೆ ತಪಾಸಣೆಯಲ್ಲಿ ಬಿದ್ದವರನ್ನು ನೋಡಿದ್ದೇನೆ. ಬಣ್ಣ ಗುರುತಿಸುವ ದೃಷ್ಟಿ ಎಲೆಕ್ಟ್ರಿಷಿಯನ್‌ಗೆ, ಕ್ರೇನ್ ನಡೆಸುವವರಿಗೆ, ನಾವಿಕರಿಗೆ ಮುಖ್ಯ. ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಫಿಟ್ಸ್, ಹೃದಯದ ತೊಂದರೆ ಇದ್ದರೆ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಹುಳುಕು ಹಲ್ಲನ್ನೂ ಸರಿ ಮಾಡಿಸಿಕೊಳ್ಳಿ. ಕಡಲ ನಡುವೆ ಹಲ್ಲು ನೋವು ಬಂದರೆ ಗೊತ್ತಾಗುತ್ತದೆ ಯಾಕೆ ಹೇಳಿದೆ ಅಂತ.

ಬ್ರಿಟನ್ನಿನ ಕಡಲಲ್ಲಿ ಭುಜದ ಅಗಲ 22 ಇಂಚಿಗಿಂತ ಜಾಸ್ತಿ ಇದ್ದವರನ್ನು ಹೆಲಿಕಾಪ್ಟರಿನಲ್ಲಿ ದೊಡ್ಡ ಕಿಟಕಿಯ ಪಕ್ಕವೇ ಕೂರಿಸುತ್ತಾರೆ. 2026ರ ನವೆಂಬರ್ 1 ಅನ್ನು ಅಲ್ಲಿ ತೂಕದ ಮಿತಿ ಜಾರಿಯ ದಿನ ಅಂತ ಗೊತ್ತುಮಾಡಿದ್ದಾರೆ, ಮಿತಿ 124.7 ಕೆಜಿ. ಈ ವಿಚಿತ್ರ ಸಂಖ್ಯೆಯ ಹಿಂದಿನ ಲೆಕ್ಕ ಸರಳ. ರಕ್ಷಣಾ ಹೆಲಿಕಾಪ್ಟರ್ ಹಗ್ಗದಲ್ಲಿ ಎತ್ತಬಹುದಾದದ್ದು 249 ಕೆಜಿ. ಅದರಲ್ಲಿ ರಕ್ಷಿಸುವವನು, ಸ್ಟ್ರೆಚರು, ಸಾಮಾನು ಕಳೆದರೆ ನಿಮಗೆ ಉಳಿಯುವುದು ಅಷ್ಟೇ.

ಆಫರ್ ಬಂದಾಗ

ಕೆಲಸ ಕೊಡುತ್ತೇವೆ ಅಂತ ಮೊದಲು ಹಣ ಕೇಳಿದರೆ ಅಲ್ಲಿಗೇ ಬಿಡಿ. ವೀಸಾ ಶುಲ್ಕ, ಮೆಡಿಕಲ್ ಶುಲ್ಕ, ಡಿಪಾಸಿಟ್, ಹೆಸರು ಏನೇ ಇರಲಿ. ಪ್ರಸಿದ್ಧ ಕಂಪನಿಯ ಲಾಂಛನ, ಉಚಿತ ಇಮೇಲ್ ವಿಳಾಸ, ಇಂಟರ್‌ವ್ಯೂ ಇಲ್ಲದೆ ಬಂದ ನೇಮಕಾತಿ ಪತ್ರ, ಅನುಭವ ಇಲ್ಲದವನಿಗೆ ಟೂಲ್‌ಪುಷರಿನ ಸಂಬಳ. ಇವು ಒಟ್ಟಿಗೆ ಕಂಡರೆ ಅದು ಮೋಸ. ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿ ಆ ಹುದ್ದೆ ಇದೆಯಾ ಅಂತ ನೋಡಿ.

ನಿಜವಾದ ಆಫರ್ ಬಂದರೆ ಸಂಬಳದ ಅಂಕಿ ನೋಡಿ ಮರುಳಾಗುವ ಮುಂಚೆ ಒಂದಷ್ಟು ಕೇಳಬೇಕು. ಸಂಬಳ ತಿಂಗಳದ್ದೋ, ಡೇ ರೇಟೋ? ಡೇ ರೇಟ್ ಅಂದರೆ ರಿಗ್ಗಿನಲ್ಲಿ ಇದ್ದ ದಿನಕ್ಕೆ ಮಾತ್ರ ಹಣ. ದಿನದ ಅಂಕಿ ದೊಡ್ಡದಾಗಿ ಕಾಣುತ್ತದೆ, ವರ್ಷಕ್ಕೆ ಗುಣಿಸುವಾಗ 365ರಿಂದ ಗುಣಿಸಬೇಡಿ, ಅರ್ಧದಿಂದ ಗುಣಿಸಿ. ರಜೆಯ ದಿನಕ್ಕೆ ಏನು ಕೊಡುತ್ತಾರೆ? ಪ್ರಯಾಣದ ದಿನ ಯಾರ ಲೆಕ್ಕಕ್ಕೆ, ನಿಮ್ಮದೋ ಅವರದೋ? ವಿಮಾನದ ಟಿಕೆಟ್ ನಿಮ್ಮ ಮನೆಯ ಹತ್ತಿರದ ನಿಲ್ದಾಣದಿಂದಲೋ, ಹೆಲಿಕಾಪ್ಟರ್ ಹೊರಡುವ ಊರಿನಿಂದ ಮಾತ್ರವೋ? ಸರ್ಟಿಫಿಕೇಟ್ ನವೀಕರಣದ ಖರ್ಚು ಯಾರದ್ದು? ಬದಲಿ ಆಳು ಬರದಿದ್ದರೆ ಹೆಚ್ಚು ದಿನ ಉಳಿಯುವುದಕ್ಕೆ ಎಷ್ಟು? ರಿಗ್ಗಿನ ಗುತ್ತಿಗೆ ಯಾವಾಗ ಮುಗಿಯುತ್ತದೆ?

ಕೊನೆಯ ಪ್ರಶ್ನೆಗೆ ಎಚ್‌ಆರ್‌ನವರು ನೇರ ಉತ್ತರ ಕೊಡದಿರಬಹುದು. ದೊಡ್ಡ ಕಾಂಟ್ರ್ಯಾಕ್ಟರುಗಳು ತಮ್ಮ ಪ್ರತಿ ರಿಗ್ ಎಲ್ಲಿದೆ, ಯಾರಿಗೆ, ಯಾವ ತಿಂಗಳವರೆಗೆ ಗುತ್ತಿಗೆ ಇದೆ ಅನ್ನುವ ಪಟ್ಟಿಯನ್ನು ಷೇರುದಾರರಿಗಾಗಿ ಆಗಾಗ ಪ್ರಕಟಿಸುತ್ತವೆ. ಫ್ಲೀಟ್ ಸ್ಟೇಟಸ್ ರಿಪೋರ್ಟ್ ಅಂತ ಹುಡುಕಿದರೆ ಸಿಗುತ್ತದೆ. ನಿಮ್ಮ ರಿಗ್ಗಿನ ಹೆಸರಿನ ಮುಂದೆ ಇನ್ನು ಮೂರೇ ತಿಂಗಳು ಅಂತ ಇದ್ದರೆ, ಈಗಿರುವ ಕೆಲಸಕ್ಕೆ ರಾಜೀನಾಮೆ ಬರೆಯುವ ಮುಂಚೆ ಮುಂದಿನ ಗುತ್ತಿಗೆ ಸಹಿ ಆಗಿದೆಯಾ ಅಂತ ಇನ್ನೊಮ್ಮೆ ಕೇಳಿ.